ಗಂಡಸಿಗೆ ಅರ್ಧ ಸಾಲು

ಮಿತ್ರರೇ,

ಕಲೆಯಲ್ಲಿ, ಜಾಹೀರಾತಿನಲ್ಲಿ ಹೆಣ್ಣಿನ, ಗಂಡಿನ ದೇಹವನ್ನು ಹೇಗೆ ಕಾಮದ ಸರಕು ಮಾಡುತ್ತಾರೆ ಎಂಬ ನಿಮ್ಮ ಲೇಖನ ಕೊಪ್ಪಳದಿಂದ ನಮ್ಮ ಪತ್ರಿಕೆಗೆ ಬಂದು ತಲುಪಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ. ಜೀನ್ಸ್ ಹೊಲಿದು ಊರೂರಿಗೆ ಕಳಿಸುವ ಬಳ್ಳಾರಿಯ ಒಂದು ಅಂಗಡಿಯ ಫ್ಲೆಕ್ಸಿನಿಂದ ಆರಂಭಿಸಿದ್ದು ಜಾಣತನ. ಹೊಗಳಿಕೆ ಇಲ್ಲಿಗೆ ಮುಗಿಯಿತು. ನಿಮ್ಮ ಮೂರನೆಯ ಪ್ಯಾರಾ ಓದಿ ನನಗೆ ಸಿಟ್ಟು ಬಂದಿದೆ, ಅದನ್ನು ಹೇಳಿಬಿಡುತ್ತೇನೆ.

ಫ್ಲೆಕ್ಸಿನ ಹುಡುಗಿಯ ಬಗ್ಗೆ "ಆಕೆಯ ನಡು ಬಳ್ಳಿಯಂತೆ ಬಳುಕುತ್ತಿದೆ" ಎಂದು ಬರೆದಿದ್ದೀರಿ. ಫ್ಲೆಕ್ಸ್ ಗಾಳಿಗೆ ಅಲುಗಾಡಿದ್ದರೆ ಮಾತ್ರ ಅದು ನಿಜ. "ತುಟಿಗಳು ಆಹ್ವಾನಿಸುತ್ತಿವೆ." ಯಾರನ್ನು? ರಸ್ತೆ ದಾಟುತ್ತಿದ್ದ ಮುದುಕಿಯನ್ನೇ, ನಿಮ್ಮನ್ನೇ? ಮುಂದೆ ತೊಡೆ, ಬೆನ್ನು, ಬೆವರಿನ ಹನಿ; ಹೀಗೆ ಒಂಬತ್ತು ಸಾಲು. ಜಾಹೀರಾತುದಾರ ಆಕೆಯನ್ನು ಒಂದು ಸಲ ಮಾರಿದ. ಖಂಡಿಸುವ ನೆಪದಲ್ಲಿ ನೀವು ಇನ್ನೊಂದು ಸಲ ಮಾರಿದ್ದೀರಿ, ಅವನಿಗಿಂತ ನಿಧಾನವಾಗಿ, ಸವಿದು. ಕೊನೆಗೆ "ಛೇ, ಎಂಥ ಅಧಃಪತನ" ಎಂದು ಬರೆದು ಕೈ ತೊಳೆದುಕೊಂಡಿದ್ದೀರಿ.

ಅದೇ ಫ್ಲೆಕ್ಸಿನಲ್ಲಿ ಗಂಡಸೂ ಇದ್ದಾನಲ್ಲ, ಅವನಿಗೆ ಸಿಕ್ಕಿದ್ದು ಅರ್ಧ ಸಾಲು: "ಪಕ್ಕದಲ್ಲಿ ಗಟ್ಟಿಮುಟ್ಟಾದ ಯುವಕ." ಅಂಗಿ ತೊಟ್ಟಿದ್ದಾನೆಯೇ? ಎಣ್ಣೆ ಹಚ್ಚಿದ ಹೊಟ್ಟೆಯ ಗಂಟುಗಳು ಕಾಣುತ್ತವೆಯೇ? ಅವನು ಯಾರನ್ನು ನೋಡುತ್ತಿದ್ದಾನೆ? ಶೀರ್ಷಿಕೆಯಲ್ಲಿ ಗಂಡನ್ನು ಸೇರಿಸಿ ಒಳಗೆ ಮರೆತರೆ ಹೇಗೆ? 1995ರ ಟಫ್ ಷೂ ಜಾಹೀರಾತನ್ನು ಹೆಸರಿಸಿದ್ದೀರಿ, ಸರಿಯೇ. ಅದರಲ್ಲಿ ರೂಪದರ್ಶಿಗಳಾದ ಮಿಲಿಂದ್ ಸೋಮನ್, ಮಧು ಸಪ್ರೆ ಇಬ್ಬರೂ ಬೂಟು ಬಿಟ್ಟರೆ ಬೆತ್ತಲೆ, ನಡುವೆ ಹೆಬ್ಬಾವು. 2009ರಲ್ಲಿ ಇಬ್ಬರೂ ಖುಲಾಸೆಯಾಗುವವರೆಗೆ ಅಶ್ಲೀಲತೆಯ ಮೊಕದ್ದಮೆಯನ್ನೂ ಇಬ್ಬರೂ ಎದುರಿಸಿದರು. ಅಲ್ಲಿಯೂ ನಿಮ್ಮ ಕಣ್ಣು ಒಬ್ಬರ ಮೇಲೆಯೇ ನಿಂತಿದೆ.

ನಾನು ಬಳ್ಳಾರಿಯ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಚಿತ್ರಗಳಿಗೆ ಅಡಿಬರಹ ಬರೆಯುವುದು ನನ್ನ ಪಾಲಿಗಿತ್ತು. ನಮ್ಮ ಹಿರಿಯ ಉಪಸಂಪಾದಕರು ಬಿಡುವಿದ್ದಾಗ ಹಳೆಯ ವಾರಪತ್ರಿಕೆಯ ಜಾಹೀರಾತು ತೆಗೆದು, ಮುಖದ ಮೇಲೆ ಬಸ್ ಟಿಕೆಟ್ ಇಟ್ಟು ಮುಚ್ಚುತ್ತಿದ್ದರು. "ಈಗ ಕೈ ಎಲ್ಲಿದೆ, ಅದನ್ನಷ್ಟೇ ಬರಿ" ಎನ್ನುತ್ತಿದ್ದರು. ಸಾಬೂನಿನ ಹುಡುಗಿ ಸಾಬೂನನ್ನು ಹಿಡಿದಿರುತ್ತಿರಲಿಲ್ಲ, ಬೆರಳ ತುದಿಯಿಂದ ಸವರುತ್ತಿದ್ದಳು. ಮೋಟಾರ್ ಸೈಕಲ್ಲಿನ ಗಂಡಸು ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿದಿರುತ್ತಿದ್ದ. ಅವಳ ಒಂದು ಮೊಣಕಾಲು ಬಾಗಿರುತ್ತಿತ್ತು, ತಲೆ ಓರೆಯಾಗಿರುತ್ತಿತ್ತು. ಅವನು ಎರಡೂ ಕಾಲೂರಿ ನೆಟ್ಟಗೆ. ನಾನೇನಾದರೂ "ಮೋಹಕ" ಎಂದು ಬರೆದರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಇದು ಚಿತ್ರದಲ್ಲಿಲ್ಲ, ನಿನ್ನಲ್ಲಿದೆ" ಎಂದು ಹಿಂದಿರುಗಿಸುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಸಮಾಜವಿಜ್ಞಾನಿ ಇರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲಿ ಅಮೆರಿಕದ ನೂರಾರು ಜಾಹೀರಾತುಗಳನ್ನು ಹರಡಿಕೊಂಡು ಇದೇ ಕೈ, ಇದೇ ಮೊಣಕಾಲು, ಇದೇ ಓರೆ ತಲೆಯನ್ನು ಗುರುತಿಸಿದ್ದರು ಎಂಬುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಉಪಸಂಪಾದಕರು ಅವರ ಹೆಸರನ್ನೂ ಕೇಳಿರಲಿಕ್ಕಿಲ್ಲ.

ಇನ್ನೊಂದು ಸಾಲು ನನ್ನನ್ನು ಕೆಣಕಿದೆ: "ನಮ್ಮ ಶಿಲ್ಪಿಗಳು ದೇಹವನ್ನು ಪೂಜಿಸಿದರು, ಪಾಶ್ಚಾತ್ಯರು ಮಾರಿದರು." ಯಾವ ಶಿಲ್ಪಿ ನಿಮಗೆ ಹಾಗೆಂದು ಹೇಳಿದ? ಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋಗಿ, ತುಂಗಭದ್ರೆಯ ದಡದ ಮಲ್ಲಿಕಾರ್ಜುನ ಗುಡಿಯ ಮದನಿಕೆಯರನ್ನು ತಲೆಯೆತ್ತಿ ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಆ ಹೆಂಗಸರ ನಡುವೂ ಪಕ್ಕಕ್ಕೆ ಒಲೆದಿದೆ, ತಲೆಯೂ ಓರೆಯಾಗಿದೆ, ಬಟ್ಟೆ ಇದ್ದೂ ಇಲ್ಲದಂತಿದೆ. ಅವರಿಗೂ ನೀವು "ಬಳ್ಳಿ" ಎಂದೇ ಬರೆದಿದ್ದೀರಿ! ಹಂಪಿಯ ವಿರೂಪಾಕ್ಷ ಗೋಪುರದ ಮಿಥುನ ಜೋಡಿಗಳಿಗೆ ಏನು ಹೇಳುತ್ತೀರಿ? ನೀವೇ ಹೆಸರಿಸಿದ 1986ರ ಮಹಿಳೆಯರ ಅಸಭ್ಯ ಚಿತ್ರಣ ನಿಷೇಧ ಕಾಯ್ದೆ ಗುಡಿಗಳಿಗೂ ಪ್ರಾಚೀನ ಸ್ಮಾರಕಗಳಿಗೂ ವಿನಾಯಿತಿ ಕೊಟ್ಟಿದೆ. ಅಲ್ಲಿರುವುದು ಬರೀ ಪೂಜೆಯಾಗಿದ್ದರೆ ವಿನಾಯಿತಿ ಏಕೆ ಬೇಕಿತ್ತು? ಆ ಕಾಯ್ದೆಯ ಹೆಸರಿನಲ್ಲಿಯೂ ಗಂಡಸಿಲ್ಲ, ಅದನ್ನಾದರೂ ನೀವು ಗಮನಿಸಬೇಕಿತ್ತು.

ಗುಡಿಯೂ ಫ್ಲೆಕ್ಸೂ ಒಂದೇ ಎಂದು ನಾನು ಹೇಳುತ್ತಿಲ್ಲ. ವ್ಯತ್ಯಾಸ ಇದೆ, ಅದನ್ನು ಹುಡುಕುವ ಕೆಲಸವನ್ನು "ಸಂಸ್ಕೃತಿ" ಎಂಬ ಮಾತಿಗೆ ವಹಿಸಿ ನೀವು ಎದ್ದು ಹೋಗಿದ್ದೀರಿ. ನಿಮ್ಮ ಕೊಪ್ಪಳ ಒಂದು ಕಾಲಕ್ಕೆ ಕೊಪಣವೆಂದು ಹೆಸರಾದ ಜೈನ ತೀರ್ಥ. ನಿಂತ ಭಂಗಿಯ ದಿಗಂಬರ ಜಿನಬಿಂಬವೊಂದನ್ನು ನೋಡಿ. ಮೈಮೇಲೆ ನೂಲೆಳೆಯಿಲ್ಲ. ತೋಳುಗಳು ನೇರ ಇಳಿದಿವೆ, ಮೊಣಕಾಲು ಬಾಗಿಲ್ಲ, ಕಣ್ಣು ನಿಮ್ಮನ್ನು ಕರೆಯುವುದಿಲ್ಲ. ಪೂರ್ತಿ ಬೆತ್ತಲಾದ ಆ ಗಂಡಸಿನಲ್ಲಿ ಕಾಮವಿಲ್ಲ. ಮೈ ತುಂಬ ಜೀನ್ಸ್ ತೊಟ್ಟ ಫ್ಲೆಕ್ಸಿನ ಹುಡುಗಿಯಲ್ಲಿ ಇದೆ ಎನ್ನುತ್ತೀರಿ. ಹಾಗಾದರೆ ತಕರಾರು ಬಟ್ಟೆಯ ಅಳತೆಯದಲ್ಲ, ನಿಲ್ಲಿಸಿದ ಬಗೆಯದು, ಯಾರ ಕಣ್ಣಿಗಾಗಿ ನಿಲ್ಲಿಸಿದರು ಎಂಬುದರದು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಈ ಸಂಚಿಕೆಗೆ ಇದನ್ನು ತೆಗೆದುಕೊಳ್ಳುವುದಿಲ್ಲ. ಉಳಿದ ಪುಟಗಳ ಬಗ್ಗೆ ಈಗ ಮಾತು ಬೇಡ. ಮೂರನೆಯ ಪ್ಯಾರಾ ಹರಿದು ಹಾಕಿ ಮತ್ತೆ ಆ ಅಂಗಡಿಯ ಮುಂದೆ ನಿಲ್ಲಿ. ಮೊದಲು ಗಂಡಸಿನ ಎರಡೂ ಕೈಗಳು ಎಲ್ಲಿವೆ ಎಂದು ಬರೆಯಿರಿ, ಆಮೇಲೆ ಅವಳದು. ಗುಣವಾಚಕ ಒಂದೂ ಬೇಡ. ಫ್ಲೆಕ್ಸ್ ಬದಲಾಗುವ ಮೊದಲು ಹೋಗಿ, ದೀಪಾವಳಿ ಹತ್ತಿರ ಬಂತು.