ಪ್ರತಿಕಾಯ ಕಂಡರೆ ಕೊರೋನಾ ಬಂದುಹೋಗಿದೆ ಎಂದರ್ಥವೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಕೋವಿಶೀಲ್ಡ್ ಲಸಿಕೆಯ ಎರಡೂ ಡೋಸು ಆಗಿದೆ. ಜ್ವರ, ಕೆಮ್ಮು ಯಾವುದೂ ಬಂದದ್ದಿಲ್ಲ. ಆದರೂ ಮಂಗಳೂರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ‘ಐಜಿಜಿ ರಿಯಾಕ್ಟಿವ್’ ಎಂದು ವರದಿ ಬಂದಿದೆ. ಕಾಞಂಗಾಡಿನಲ್ಲಿರುವ ಚಿಕ್ಕಮ್ಮನ ವರದಿಯಲ್ಲಿ ಅಂಕಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ತಾಯಿಗೆ ಗೊತ್ತಾಗದೆಯೇ ಕೊರೋನಾ ಬಂದುಹೋಯಿತೇ? ಇನ್ನು ಮುಂದಿನ ಡೋಸು ಬೇಡವೇ?
– ಓದುಗರು, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಇಷ್ಟರಿಂದಲೇ ಹಾಗೆ ಹೇಳಲಾಗದು. ‘ಐಜಿಜಿ ರಿಯಾಕ್ಟಿವ್’ ಎಂದರೆ ವೈರಸ್ಸನ್ನು ಎದುರಿಸಲು ದೇಹ ತಯಾರಿಸುವ ಪ್ರತಿಕಾಯಗಳಲ್ಲಿ ಐಜಿಜಿ ಎಂಬ ಬಗೆಯದು ರಕ್ತದಲ್ಲಿ ಕಂಡಿದೆ ಎಂದಷ್ಟೇ ಅರ್ಥ. ವರದಿಯಲ್ಲಿ ಪರೀಕ್ಷೆಯ ಹೆಸರಿನ ಜೊತೆ ‘ಸ್ಪೈಕ್’ ಎಂದಿದೆಯೇ, ‘ನ್ಯೂಕ್ಲಿಯೋಕ್ಯಾಪ್ಸಿಡ್’ ಎಂದಿದೆಯೇ ಎಂಬುದನ್ನು ಮೊದಲು ನೋಡಿ. ಕೋವಿಶೀಲ್ಡ್ ದೇಹಕ್ಕೆ ಪರಿಚಯಿಸುವುದು ವೈರಸ್ಸಿನ ಹೊರಮೈಯಲ್ಲಿರುವ ಸ್ಪೈಕ್ ಪ್ರೋಟೀನನ್ನು ಮಾತ್ರ. ಹಾಗಾಗಿ ಅದರ ವಿರುದ್ಧದ ಪ್ರತಿಕಾಯ ಲಸಿಕೆಯಿಂದಲೂ ಹುಟ್ಟಿರಬಹುದು, ಸೋಂಕಿನಿಂದಲೂ ಹುಟ್ಟಿರಬಹುದು. ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧ ಪ್ರತಿಕಾಯವಿದ್ದರೆ, ನಿಮ್ಮ ತಾಯಿಯವರ ಮಟ್ಟಿಗೆ, ಸೋಂಕು ತಗಲಿತ್ತು ಎನ್ನಲು ಬಲವಾದ ಆಧಾರ ಸಿಕ್ಕಂತೆ. ಯಾವ ಲಕ್ಷಣವೂ ಇಲ್ಲದೆ ಸೋಂಕು ಬಂದುಹೋಗುವುದು ಅಪರೂಪವೇನಲ್ಲ. ಕೋವ್ಯಾಕ್ಸಿನ್ ಪಡೆದವರಿಗೆ ಮಾತ್ರ ಈ ಲೆಕ್ಕ ಹಿಡಿಯದು, ಏಕೆಂದರೆ ಅದರಲ್ಲಿರುವುದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್.

ಅಂಕಿ ಹುಟ್ಟುವ ಬಗೆಯನ್ನು ತಿಳಿದರೆ ಚಿಕ್ಕಮ್ಮನವರ ವರದಿಯ ಗೊಂದಲವೂ ಪರಿಹಾರವಾಗುತ್ತದೆ. ಎಲಿಸಾ ವಿಧಾನದಲ್ಲಿ 96 ಕುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗೆ ವೈರಸ್ಸಿನ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಹಾಕಿದಾಗ ಪ್ರತಿಕಾಯಗಳಿದ್ದರೆ ಅದಕ್ಕೆ ಕಚ್ಚಿಕೊಳ್ಳುತ್ತವೆ. ಉಳಿದದ್ದನ್ನು ತೊಳೆದು, ಕಿಣ್ವ ಜೋಡಿಸಿದ ಇನ್ನೊಂದು ಪ್ರತಿಕಾಯವನ್ನೂ ಆಮೇಲೆ ಬಣ್ಣ ಬರಿಸುವ ದ್ರಾವಣವನ್ನೂ ಹಾಕಿದರೆ ಕುಳಿ ಸಾಮಾನ್ಯವಾಗಿ ನೀಲಿಗೆ ತಿರುಗಿ, ಕೊನೆಗೆ ಆಮ್ಲ ಬಿದ್ದಾಗ ಹಳದಿಯಾಗುತ್ತದೆ. ಆ ಬಣ್ಣ ಎಷ್ಟು ಗಾಢ ಎಂಬುದನ್ನು ಯಂತ್ರ ಅಳೆಯುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರಲ್ಲಿ ರೂಪಿಸಿದ ‘ಕೋವಿಡ್ ಕವಚ್’ ಕಿಟ್ ಎಲಿಸಾ ಬಗೆಯದೇ. ಬೇರೆ ಪ್ರಯೋಗಾಲಯದ ಯಂತ್ರ ಬಣ್ಣದ ಬದಲು ಬೆಳಕನ್ನು ಅಳೆಯಬಹುದು, ಏಕಮಾನವೂ ಬೇರೆಯಾಗಿರಬಹುದು. ಆದ್ದರಿಂದ ಅಕ್ಕತಂಗಿಯರ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಡಿ.

ಈ ಪರೀಕ್ಷೆ ನಿಜವಾಗಿ ಬೆಲೆಬಾಳುವುದು ಜನಸಮೂಹದ ಸಮೀಕ್ಷೆಯಲ್ಲಿ. 2021ರ ಜೂನ್-ಜುಲೈಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಶೇ. 67.6 ಮಂದಿಯಲ್ಲಿ ಪ್ರತಿಕಾಯ ಕಂಡಿದ್ದರೆ ಕೇರಳದಲ್ಲಿ ಆ ಪ್ರಮಾಣ ಶೇ. 44.4 ಮಾತ್ರವಿತ್ತು, ಇನ್ನೂ ಎಷ್ಟು ಜನರಿಗೆ ಸೋಂಕು ತಗಲುವ ಸಂಭವವಿದೆ ಎಂಬ ಅಂದಾಜು ಸಿಕ್ಕಿದ್ದು ಅದರಿಂದ. ಈಗ ಜ್ವರವಿದ್ದವರಿಗೆ ಇದು ಪ್ರಯೋಜನಕ್ಕೆ ಬಾರದು, ಏಕೆಂದರೆ ಐಜಿಜಿ ಕಾಣಿಸಿಕೊಳ್ಳಲು ಸುಮಾರು ಎರಡು ವಾರ ಬೇಕು. 2021ರ ಆಗಸ್ಟ್‌ನಲ್ಲಿ ತಲಪಾಡಿ ಗಡಿಯಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೇಳುತ್ತಿದ್ದುದು ನಿಮಗೆ ನೆನಪಿರಬಹುದು; ಅದು ವೈರಸ್ಸನ್ನೇ ಹುಡುಕುವ ಪರೀಕ್ಷೆ.

ಇನ್ನು ಡೋಸಿನ ವಿಷಯ. ಪ್ರತಿಕಾಯದ ಮಟ್ಟ ತಿಂಗಳುಗಳು ಕಳೆದಂತೆ ಇಳಿಯುತ್ತದೆ, ಇಷ್ಟಿದ್ದರೆ ಸೋಂಕು ತಗಲುವುದಿಲ್ಲ ಎಂದು ಗೆರೆ ಎಳೆದು ಹೇಳುವ ಅಂಕಿಯೂ ಇಲ್ಲ. ತಾಯಿಯವರ ವಯಸ್ಸು, ಸಕ್ಕರೆ ಕಾಯಿಲೆಯಂಥ ತೊಂದರೆಗಳು, ಹಿಂದಿನ ಡೋಸಿನ ದಿನಾಂಕ ಇವುಗಳನ್ನು ವೈದ್ಯರಿಗೆ ತಿಳಿಸಿ ನಿರ್ಧರಿಸಿ. ಅದಕ್ಕಾಗಿ ಹಣ ಕೊಟ್ಟು ಇದೇ ಪರೀಕ್ಷೆಯನ್ನು ಮತ್ತೆ ಮಾಡಿಸುವ ಅಗತ್ಯವಿಲ್ಲ.