ಪ್ರತಿಕ್ರಿಯೆ: ಚೆಂಡು ನಮ್ಮ ಹತ್ತಿರವೇ ಇದ್ದರೂ ಗೋಲು ಯಾಕೆ ಬರ್ತಿಲ್ಲ?

ಗೋವಾದ ವಾಸ್ಕೋದ ನಿಮ್ಮ ಫುಟ್‌ಬಾಲ್ ಹುಡುಗರು ಪಾಸ್ ಮಾಡ್ತಾನೇ ಇರ್ತಾರೆ, ಗೋಲು ಮಾತ್ರ ಇಲ್ಲ ಅಂದಿರಿ. ಬಹುಶಃ ತಪ್ಪು ಫಾರ್ವರ್ಡ್‌ನದ್ದಲ್ಲ, ಅಂದ್ರೆ ಮುಂದೆ ನಿಂತು ಗೋಲು ಹೊಡೆಯುವವನದ್ದಲ್ಲ. ಮಿಡ್‌ಫೀಲ್ಡ್‌ನ (ಮೈದಾನದ ನಡುಭಾಗದ) ಮೂವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿರಬಹುದು. ನಮ್ಮ ತಂಡಕ್ಕೂ ಹೀಗೇ ಆಗಿತ್ತು.

ಮೊದಲು ಆ ಮೂವರಲ್ಲಿ ಒಬ್ಬನನ್ನು ನಿಮ್ಮ ಡಿಫೆಂಡರ್‌ಗಳ ಮುಂದೆ ನಿಲ್ಲಿಸಿ. ಇನ್ನೊಬ್ಬ ಎದುರಾಳಿಯ ಮಿಡ್‌ಫೀಲ್ಡ್, ಡಿಫೆನ್ಸ್ ನಡುವಿನ ಜಾಗಕ್ಕೆ ಹೋಗಲಿ. ಚೆಂಡು ಬರುವ ಮೊದಲೇ ಅವನು ಹಿಂದೆ ತಿರುಗಿ ನೋಡಬೇಕು, ಓರೆಯಾಗಿ ನಿಂತು, ಚೆಂಡು ಬರುವ ಕಡೆಯಿಂದ ದೂರ ಇರುವ ಕಾಲಲ್ಲಿ ತಗೋಬೇಕು. ಗೋಲಿಗೆ ಬೆನ್ನು ಕೊಟ್ಟು ನಿಂತವನು ಚೆಂಡನ್ನು ಬಂದ ಕಡೆಗೇ ವಾಪಸ್ ಕಳಿಸ್ತಾನೆ, ಅಲ್ವಾ? ಇದನ್ನೇ ಜಾಸ್ತಿ ತಿದ್ದಿ.

ಆಮೇಲೆ ಸುತ್ತ 4 ಜನ ಪಾಸ್ ಮಾಡೋದು, ನಡುವೆ 2 ಜನ ಚೆಂಡು ಕಸಿಯೋದು, ಒಬ್ಬೊಬ್ಬರಿಗೆ ಸಲಕ್ಕೆ ಎರಡೇ ಟಚ್, ಹೀಗೆ ಆಟ ಆಡಿಸಿ. ನಿಮ್ಮೂರ ಬೈನಾ ಬೀಚಲ್ಲಿ ಬೇಡ, ಸಡಿಲ ಮರಳಲ್ಲಿ ಚೆಂಡು ಉರುಳಲ್ಲ. ಆಗಲೂ ಗೋಲು ಬರದಿದ್ದರೆ ವಿಂಗರ್‌ಗಳ (ಮೈದಾನದ ಎರಡು ಅಂಚಲ್ಲಿ ಆಡುವವರ) ಓಟದ ವಿಡಿಯೋ ಇಲ್ಲಿ ಹಾಕಿ. ತಪ್ಪು ಅವರ ಓಟದಲ್ಲಿದೆಯಾ ಅಂತ ನೋಡದೆ ಹೇಳೋಕಾಗಲ್ಲ.