ಆ ಹತ್ತು ಜನ ಯಾಕೆ ಹೊಡೆದಾಡುತ್ತಿದ್ದಾರೆ?

15ನೇ ಶತಮಾನದ ಇಟಲಿಯ ಕಲಾವಿದ ಅಂತೋನಿಯೊ ಪೊಲ್ಲಾಯ್ವೊಲೊ ಲೋಹದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚು ತೆಗೆದ ‘ಬೆತ್ತಲೆ ಗಂಡಸರ ಕದನ’ ಯಾವ ಯುದ್ಧದ ಚಿತ್ರ, ಇದರಲ್ಲಿ ಯಾರು ಯಾರ ಕಡೆ ಅಂತ ಕೇಳಿದ್ದೀರಿ. ರೋಮನ್ ಇತಿಹಾಸದ ಕಥೆ ಅಂದವರಿದ್ದಾರೆ, ರೋಮ್‌ನಲ್ಲಿ ಜನರ ಮುಂದೆ ಹೊಡೆದಾಡುತ್ತಿದ್ದ ಗ್ಲಾಡಿಯೇಟರ್‌ಗಳು ಅಂದವರೂ ಇದ್ದಾರೆ, ಯಾವುದನ್ನೂ ಎಲ್ಲರೂ ಒಪ್ಪಿಲ್ಲ. ನನ್ನ ಪ್ರಕಾರ ಇಲ್ಲಿ ಕಥೆ ಹುಡುಕುವುದೇ ಬೇಡ, ಮೈಗಳನ್ನು ನೋಡಿ.

ಐದು ಜನರ ತಲೆಗೆ ಪಟ್ಟಿ ಇದೆ, ಐದು ಜನರಿಗೆ ಇಲ್ಲ. ಎರಡು ಬಣ ಅಂದುಕೊಳ್ಳೋಣ. ಆದರೆ ಬಾವುಟ ಇಲ್ಲ, ಕವಚ ಇಲ್ಲ, ಕುದುರೆ ಇಲ್ಲ, ಹಿಂದೆ ಬರೀ ಒತ್ತಾಗಿ ಬೆಳೆದ ಗಿಡ ಬಳ್ಳಿ. ಕಥೆ ಹೇಳಬೇಕು ಅಂತಿದ್ದವನು ಒಂದಾದರೂ ಗುರುತು ಬಿಡುತ್ತಿದ್ದ ಅಲ್ವಾ?

ಈಗ ಮುಂದೆ, ನಡುವೆ ನಿಂತ ಇಬ್ಬರನ್ನು ನೋಡಿ. ಒಂದೇ ಸರಪಳಿಯನ್ನು ಆ ಕಡೆ ಈ ಕಡೆ ಹಿಡಿದಿದ್ದಾರೆ. ಇಬ್ಬರ ಭಂಗಿಯೂ ಹೆಚ್ಚುಕಡಿಮೆ ಒಂದೇ, ಒಬ್ಬನ ಎದೆ ನಮಗೆ ಕಾಣುತ್ತದೆ, ಇನ್ನೊಬ್ಬನ ಬೆನ್ನು. ಅಂದರೆ ಒಂದೇ ಮೈಯನ್ನು ಸುತ್ತು ಬಂದು ನೋಡಿದ ಹಾಗೆ! ನಾನು ಇವರಿಬ್ಬರನ್ನು ಪೆನ್ಸಿಲ್‌ನಲ್ಲಿ ನಕಲು ಮಾಡುವಾಗಲೇ ಇದು ಹೊಳೆದದ್ದು, ಅಲ್ಲಿಂದ ಈ ಚಿತ್ರ ನನಗೆ ಬೇರೆಯಾಗಿಯೇ ಕಾಣತೊಡಗಿತು. ಬೇರೆ ಕಲಾವಿದರು ನೋಡಿ ಕಲಿಯಲಿ ಅಂತ ಮಾಡಿದ ಮಾದರಿ ಇದು ಅನ್ನುವ ವಾದ ನನಗೆ ಸರಿ ಅನಿಸುವುದು ಇದಕ್ಕೇ.

ಪೊಲ್ಲಾಯ್ವೊಲೊ ಫ್ಲಾರೆನ್ಸಿನ ಅಕ್ಕಸಾಲಿಗ, ಲೋಹದ ಮೇಲೆ ಗೆರೆ ಕೊರೆಯುವುದು ಅವನ ಕೈಗೆ ಒಗ್ಗಿದ ಕೆಲಸ. ಮೈಯ ಒಳಗು ತಿಳಿಯಲು ಅವನು ಹೆಣಗಳ ಚರ್ಮ ಬಿಡಿಸಿ ನೋಡಿದ ಅಂತ 16ನೇ ಶತಮಾನದಲ್ಲಿ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಆದರೂ ಒಂದು ವಿಚಿತ್ರ ಇದೆ. ಇಲ್ಲಿ ಎಲ್ಲರ ಎಲ್ಲಾ ಸ್ನಾಯುಗಳೂ ಒಟ್ಟಿಗೆ ಬಿಗಿದುಕೊಂಡಿವೆ, ನೆಲಕ್ಕೆ ಬಿದ್ದವನದ್ದೂ. ನಿಜವಾದ ಮೈ ಹಾಗಿರಲ್ಲ, ತೋಳು ಮಡಚಿದರೆ ಮುಂದಿನದು ಬಿಗಿಯುತ್ತದೆ, ಹಿಂದಿನದು ಸಡಿಲವಾಗುತ್ತದೆ. ಇದನ್ನು ತಪ್ಪು ಅಂತ ನಾನು ಹೇಳಲ್ಲ. ತನಗೆ ಗೊತ್ತಿದ್ದದ್ದನ್ನೆಲ್ಲ ಒಂದೇ ತಗಡಿನಲ್ಲಿ ತೋರಿಸುವ ಹಂಬಲ ಅದು, ನನಗೆ ಅದೇ ಇಷ್ಟ.

ಎಡಗಡೆ ಮರಕ್ಕೆ ನೇತುಹಾಕಿದ ಫಲಕದಲ್ಲಿ ಅವನ ಪೂರ್ತಿ ಹೆಸರಿದೆ. ಹೊಡೆದಾಡುವವರಲ್ಲಿ ಒಬ್ಬನ ಹೆಸರೂ ಇಲ್ಲ, ಮಾಡಿದವನ ಹೆಸರು ಮಾತ್ರ ಎದ್ದು ಕಾಣುತ್ತದೆ.

ಪುಸ್ತಕದಲ್ಲಿನ ಸಣ್ಣ ಮುದ್ರಣ ನೋಡಿ ತೀರ್ಮಾನಕ್ಕೆ ಬರಬೇಡಿ. ಮೂಲ ಸುಮಾರು 42 ಸೆಂ.ಮೀ. ಎತ್ತರ, 61 ಸೆಂ.ಮೀ. ಅಗಲ ಇದೆ, 15ನೇ ಶತಮಾನಕ್ಕೆ ಅದು ತುಂಬಾ ದೊಡ್ಡದು. ತಗಡನ್ನು ಮತ್ತೆ ಕೊರೆಯುವ ಮುಂಚೆ ತೆಗೆದ ಅಚ್ಚು ಉಳಿದಿರುವುದು ಒಂದೇ, ಅದು ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಅದನ್ನು ಜೂಮ್ ಮಾಡಿ, ಮೊದಲು ಆ ಬೆನ್ನು ತೋರಿಸಿ ನಿಂತವನ ಹೆಗಲು ನೋಡಿ.